ಬಿಸಿನೆಸ್ ಕ್ಲಾಸ್ ಟಿಕೆಟ್ ಇದೆಯಾ? ಕೌಂಟರಿನಲ್ಲಿ ಸುಮ್ನೆ ಸಹಿ ಹಾಕಬೇಡಿ

ನಾನು ಮಾಡಿದ ತಪ್ಪು ನೀವು ಮಾಡಬೇಡಿ ಮಾರಾಯ್ರೆ. ವಿಮಾನದ ಕೌಂಟರಿನಲ್ಲಿ ಹಾಳೆಯೊಂದನ್ನು ಮುಂದಿಟ್ಟು "ಇಲ್ಲೊಂದು ಸೈನ್ ಮಾಡಿ ಸಾರ್" ಅಂದರೆ ಪೂರ್ತಿ ಓದದೆ ಪೆನ್ನು ಮುಟ್ಟಬೇಡಿ.

ಲಂಡನ್ನಿನಲ್ಲಿರುವ ತಂಗಿಯ ಬಾಣಂತನಕ್ಕೆ ಅಮ್ಮನನ್ನು ಕರೆದುಕೊಂಡು ಹೊರಟಿದ್ದೆ. ಅಮ್ಮನಿಗೆ ಮಂಡಿ ನೋವು, ಅರ್ಧ ಗಂಟೆ ಕಾಲು ಮಡಚಿ ಕೂತರೆ ಏಳುವಾಗ ಗೋಡೆ ಹಿಡಿಯಬೇಕು. ಅದಕ್ಕೇ ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕಿ ಬಂದ ದುಡ್ಡಲ್ಲಿ ಅವರೊಬ್ಬರಿಗೆ ಬಿಸಿನೆಸ್ ಕ್ಲಾಸ್ ಮಾಡಿಸಿದೆ. ಹೋಗುವುದಕ್ಕೆ ಮಾತ್ರ 1,90,000 ರೂಪಾಯಿ. ನನಗೆ ಎಕಾನಮಿ ಸಾಕು. ಮಂಡಿಯ ದುಡ್ಡು ಮಂಡಿಗೇ ಅಂತ ಮನೆಯಲ್ಲಿ ತಮಾಷೆಯೂ ಆಯಿತು.

ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ 2023ರಿಂದ ವಿಮಾನ ಹಾರುತ್ತಿದ್ದರೂ ಹೊರದೇಶಕ್ಕೆ ಅಂದರೆ ನಮಗೆ ದೇವನಹಳ್ಳಿಯೇ ಗತಿ. ತೀರ್ಥಹಳ್ಳಿಯಿಂದ ಕಾರಿನಲ್ಲಿ ಹೊರಟೆವು. ಆ ಸೀಟು ನಿಜವಾಗಲೂ ಹಾಸಿಗೆ ಆಗುತ್ತದಾ ಅಂತ ಅಮ್ಮ ದಾರಿಯಲ್ಲಿ ಮೂರು ಸಲ ಕೇಳಿದರು.

ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು, ಎದ್ದು ಹೋದಳು, ಇನ್ನೊಬ್ಬರನ್ನು ಕರೆತಂದಳು. ವಿಮಾನ ಬದಲಾಗಿದೆಯಂತೆ, ಬಂದಿರುವುದರಲ್ಲಿ ಬಿಸಿನೆಸ್ ಸೀಟು ಕಡಿಮೆಯಂತೆ. ಅಮ್ಮನ 4ಎ ಹೋಗಿ 38ಇ ಆಯಿತು, ಇಬ್ಬರ ಮಧ್ಯೆ ಸಿಕ್ಕಿಕೊಳ್ಳುವ ಸೀಟು. 25,000 ರೂಪಾಯಿ ವೋಚರ್ ಕೊಡುತ್ತೇವೆ, ಬೇಡ ಅಂದರೆ ನಾಳೆ ರಾತ್ರಿವರೆಗೆ ಕಾಯಿರಿ ಅಂದರು. ಹಿಂದೆ ಉದ್ದ ಸಾಲು. ಅಮ್ಮ ಚೀಲ ಎದೆಗೆ ಒತ್ತಿ ಹಿಡಿದು "ಹೋಗ್ಲಿ ಬಿಡೋ, ಎಲ್ಲಾದರೂ ಕೂತ್ಕೊಳ್ತೀನಿ" ಅಂದರು. ನಾನು ಸಹಿ ಹಾಕಿದೆ.

ನನ್ನದು ಓಡಾಡುವ ದಾರಿಯ ಪಕ್ಕದ ಸೀಟು, ಅದನ್ನು ಅಮ್ಮನಿಗೆ ಕೊಟ್ಟೆ. ಆದರೂ ಹತ್ತು ಗಂಟೆಗೂ ಜಾಸ್ತಿ ಕಾಲು ಇಳಿಬಿಟ್ಟೇ ಕೂರಬೇಕಲ್ಲ. ಹೀಥ್ರೂದಲ್ಲಿ ಇಳಿಯುವಾಗ ಪಾದ ಬಾತು ಚಪ್ಪಲಿ ಏರಲೇ ಇಲ್ಲ. ಕಾಲುಚೀಲದಲ್ಲೇ ವೀಲ್‌ಚೇರಿನವರೆಗೆ ನಡೆದರು.

ಮರುದಿನ ಹಾಳೆ ಓದಿದೆ. ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ, ಪ್ರಯಾಣಿಕರು ತಾವಾಗಿಯೇ ಕೆಳಗಿನ ದರ್ಜೆಗೆ ಒಪ್ಪಿದ್ದಾರೆ ಅಂತಿತ್ತು. ಎಲ್ಲಾ ಎಡವಟ್ಟು ಆಗಿದ್ದು ಅಲ್ಲೇ. ನಾವು ಒಪ್ಪದೆ ಅವರೇ ಇಳಿಸಿದರೆ ದುಡ್ಡು ವಾಪಸ್ ಕೊಡಬೇಕು ಅಂತ ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ ಇದೆ, 2023ರ ಫೆಬ್ರುವರಿ 15ರಿಂದ ಜಾರಿಯಲ್ಲಿದೆ. ಅಂತರರಾಷ್ಟ್ರೀಯ ವಿಮಾನವಾದರೆ 1,500 ಕಿಲೋಮೀಟರ್ ತನಕ ಟಿಕೆಟ್ ದುಡ್ಡಿನ ಶೇ. 30, 3,500ರ ತನಕ ಶೇ. 50, ಅದಕ್ಕೂ ದೂರವಾದರೆ ಶೇ. 75, ತೆರಿಗೆಯೂ ಸೇರಿ. ಬೆಂಗಳೂರಿನಿಂದ ಲಂಡನ್ ಸುಮಾರು 8,000 ಕಿಲೋಮೀಟರ್. ಅಂದರೆ 1,42,500 ರೂಪಾಯಿ ಬರಬೇಕಿತ್ತು. ಬಂದಿದ್ದು ಒಂದು ವರ್ಷದೊಳಗೆ ಅವರದೇ ವಿಮಾನಕ್ಕೆ ಬಳಸಬೇಕಾದ ವೋಚರ್. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ, ಇಲ್ಲಿ ಅಡಿಕೆಯೇ ಹೋಯಿತು.

ನಿಮಗೆ ಹೀಗಾದರೆ, ವಿಮಾನ ಹತ್ತಿ, ಆದರೆ ನಾನು ಒಪ್ಪಿಲ್ಲ ಅಂತ ಬಾಯಿಬಿಟ್ಟು ಹೇಳಿ. ನೀವೇ ಇಳಿಸಿದ್ದೀರಿ ಅಂತ ಬರೆದುಕೊಡಿ ಅಂತ ಕೇಳಿ. ಹಳೆಯ ಸೀಟು ನಂಬರ್ ಇರುವ ಟಿಕೆಟ್, ಹೊಸ ಬೋರ್ಡಿಂಗ್ ಪಾಸ್ ಎರಡರ ಫೋಟೊವೂ ಇರಲಿ. ವೋಚರ್ ಬೇಡ, ದುಡ್ಡು ಅನ್ನಿ. ಬ್ರಿಟನ್ನಿನಿಂದಲೋ ಯುರೋಪಿಯನ್ ಯೂನಿಯನ್ ದೇಶಗಳಿಂದಲೋ ಇಲ್ಲಿಗೆ ಬರುವಾಗ ಇಳಿಸಿದರೂ ಅಲ್ಲಿನ ಕಾನೂನಿನಲ್ಲಿ ಶೇ. 75 ಸಿಗಬೇಕು, ಅದೂ ಏಳು ದಿನದೊಳಗೆ.

ನಾನು ವಿಮಾನ ಪ್ರಯಾಣಿಕರ ದೂರಿಗೆ ಇರುವ ಸರ್ಕಾರಿ ಜಾಲತಾಣ ಏರ್‌ಸೇವಾದಲ್ಲಿ ದೂರು ಹಾಕಿದೆ. ಮೊನ್ನೆ ಕಂಪನಿಯ ಉತ್ತರ ಬಂತು, ಪ್ರಯಾಣಿಕರು ಒಪ್ಪಿದ್ದರು ಅಂತ. ಜೊತೆಗೆ ನನ್ನ ಸಹಿಯ ಫೋಟೊ.