ಪ್ರಾಣಿ ಕಾರ್ಡ್ ಒಳ್ಳೆಯದೇ, ಆದರೆ ಒಂದೊಂದೇ ತೋರಿಸಬೇಡಿ

ನನ್ನ ಮಗಳಿಗೆ ನಾಲ್ಕು ವರ್ಷ. ನೀರಲ್ಲಿ ಇರುವುದೆಲ್ಲ ಅವಳಿಗೆ ಮೀನು, ಹಾರುವುದೆಲ್ಲ ಹಕ್ಕಿ. ಬಾವಲಿಯೂ ಹಕ್ಕಿಯೇ. ಅದಕ್ಕೇ 60 ಚಿತ್ರಗಳ ಈ ಡಬ್ಬಿ ತಂದೆ. ಮೂರು ತಿಂಗಳಿಂದ ಬಳಸುತ್ತಿದ್ದೇವೆ.

ಕಾರ್ಡ್ ದಪ್ಪಗಿದೆ, ಮೂಲೆ ಮಡಚಿಲ್ಲ. ಚಿತ್ರಗಳು ಚೆನ್ನಾಗಿವೆ.

ಒಂದೊಂದೇ ತೋರಿಸಿ ಹೆಸರು ಹೇಳಿಸಿ ಅಂತ ಒಳಗಿನ ಚೀಟಿಯಲ್ಲಿದೆ. ಮೊದಲು ಹಾಗೇ ಮಾಡಿದೆ. ಹೆಸರೆಲ್ಲ ಬಾಯಿಗೆ ಬಂತು, ಡಾಲ್ಫಿನ್ ಮಾತ್ರ ಮೀನಾಗಿಯೇ ಉಳಿಯಿತು. ಆಮೇಲೆ ಡಾಲ್ಫಿನ್, ತಿಮಿಂಗಿಲ ಎರಡನ್ನೂ ಪಕ್ಕಪಕ್ಕ ಇಟ್ಟು, "ಎರಡರಲ್ಲೂ ಒಂದೇ ಥರ ಏನಿದೆ ಪುಟ್ಟಿ?" ಅಂದೆ. "ಹಸಿರು ಅಂಚು!" ಅಂದಳು.

ಈ ಕಾರ್ಡ್‌ಗಳ ದೊಡ್ಡ ತಪ್ಪು ಅದೇ. ಹಾಲೂಡಿಸುವ ಪ್ರಾಣಿಗಳಿಗೆ ಹಸಿರು ಅಂಚು, ಮೀನಿಗೆ ನೀಲಿ, ಹಕ್ಕಿಗೆ ಹಳದಿ. ಪ್ರಾಣಿಯನ್ನೇ ನೋಡದೆ ಅಂಚು ನೋಡಿ ಇಡೀ ಡಬ್ಬಿ ವಿಂಗಡಿಸಿಬಿಟ್ಟಳು. ಎಲ್ಲ ಸರಿ, ಆದರೆ ಕಲಿತದ್ದು ಏನೂ ಇಲ್ಲ. ರಾತ್ರಿ ಕೂತು ಎಲ್ಲ ಅಂಚಿಗೂ ಬಿಳಿ ಟೇಪ್ ಅಂಟಿಸಿದೆ.

ಮರುದಿನ ಅದೇ ಎರಡು ಕಾರ್ಡ್, ಕೆಳಗೆ ಶಾರ್ಕ್. ತುಂಬಾ ಹೊತ್ತು ನೋಡಿದಳು. ಆಮೇಲೆ ಬಾಲದ ಮೇಲೆ ಬೆರಳಾಡಿಸಿ, "ಅಪ್ಪಾ, ಇವೆರಡರ ಬಾಲ ಮಲಗಿದೆ. ಇದರದ್ದು ನಿಂತಿದೆ" ಅಂದಳು. ನಾನು ಹೇಳಿಕೊಟ್ಟದ್ದಲ್ಲ! ನಿಜಕ್ಕೂ ಹಾಗೇ ಅಲ್ವಾ, ಡಾಲ್ಫಿನ್ ಬಾಲವನ್ನು ಮೇಲೆ ಕೆಳಗೆ ಬಡಿಯುತ್ತದೆ, ಶಾರ್ಕ್ ಅಕ್ಕಪಕ್ಕ ಬೀಸುತ್ತದೆ. ಅಲ್ಲಿಂದ ಉಸಿರಾಟದ ಮಾತು ಬಂತು, ಮರಿಗೆ ಹಾಲು ಕೊಡುವ ಮಾತೂ ಬಂತು.

1999ರಲ್ಲಿ ಮನಶ್ಶಾಸ್ತ್ರಜ್ಞರಾದ ಡೆಡ್ರಿ ಜೆಂಟ್ನರ್ ಮತ್ತು ಲಾರಾ ನೇಮಿ ಪ್ರಕಟಿಸಿದ ಪ್ರಯೋಗವೂ ನಾಲ್ಕು ವರ್ಷದ ಮಕ್ಕಳದ್ದೇ. ಸೈಕಲ್ ಒಂದನ್ನೇ ನೋಡಿದ ಮಕ್ಕಳು ಹೆಚ್ಚಾಗಿ ಅದೇ ಆಕಾರದ ಕನ್ನಡಕವನ್ನು ಅದಕ್ಕೆ ಜೋಡಿ ಅಂದುಕೊಳ್ಳುತ್ತಾರೆ. ಮೂರು ಚಕ್ರದ ಸೈಕಲ್ಲನ್ನೂ ಜೊತೆಗಿಟ್ಟು ಹೋಲಿಸಲು ಬಿಟ್ಟರೆ, ನೋಡಲು ಬೇರೆಯಾದರೂ ಸೈಕಲ್ಲಿನಂತೆ ಸವಾರಿಗೇ ಇರುವ ಸ್ಕೇಟ್‌ಬೋರ್ಡ್ ಕಡೆಗೆ ಹೋಗುತ್ತಾರೆ. ಎರಡು ಕಂಡಾಗ ಹೊರನೋಟದ ಹಿಂದೆ ಇರುವುದು ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಬೇಜಾರು: ಚಿಟ್ಟೆ ಮತ್ತು ಪತಂಗದ ಚಿತ್ರ ತೀರಾ ಚಿಕ್ಕದು. ಚಿಟ್ಟೆಯ ಮೀಸೆಯ ತುದಿಯಲ್ಲಿ ಸಣ್ಣ ಗುಂಡು ಇರುತ್ತದೆ, ಅದೇ ಕಾಣುವುದಿಲ್ಲ. ಆ ಜೋಡಿಯನ್ನು ನಾನೇ ದೊಡ್ಡದಾಗಿ ಬರೆದಿಟ್ಟಿದ್ದೇನೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೊಂಡರೆ ಬಿಳಿ ಟೇಪ್ ಜೊತೆಗಿರಲಿ. ಬಾವಲಿ ಪಕ್ಕ ಇಲಿಯನ್ನು ಇಟ್ಟು ನೋಡಿ, ಕಿವಿ ಮತ್ತು ರೋಮ ಮಕ್ಕಳಿಗೆ ಬೇಗ ಸಿಗುತ್ತದೆ.