ಡಾ. ಆಸ್ಲರ್ ಅವರ ಪತ್ರಗಳು: ಒಂದು ಅಂತರಜಾಲ ಸಂಗ್ರಹದ ವಿಮರ್ಶೆ

ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1998ರಿಂದ ‘ಪ್ರೊಫೈಲ್ಸ್ ಇನ್ ಸೈನ್ಸ್’ ಎಂಬ ಜಾಲತಾಣವನ್ನು ನಡೆಸುತ್ತಿದೆ. ವಿಜ್ಞಾನಿಗಳ ಮತ್ತು ವೈದ್ಯರ ಕಾಗದಪತ್ರಗಳನ್ನು ಒಬ್ಬೊಬ್ಬರ ಹೆಸರಿನಡಿ ಜೋಡಿಸಿ, ಯಾರು ಬೇಕಾದರೂ ಹಣ ಕೊಡದೆ ಓದುವಂತೆ ಇಟ್ಟಿರುವ ಈ ತಾಣದಲ್ಲಿ ಸರ್ ವಿಲಿಯಂ ಆಸ್ಲರ್ ಅವರ ಹೆಸರಿನ ವಿಭಾಗವೊಂದಿದೆ. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ವೈದ್ಯರು ತಮ್ಮತಮ್ಮಲ್ಲಿ ಏನು ಬರೆದುಕೊಳ್ಳುತ್ತಿದ್ದರು, ಹೇಗೆ ಬರೆದುಕೊಳ್ಳುತ್ತಿದ್ದರು ಎಂದು ತಿಳಿಯಬಯಸುವ ವೈದ್ಯಕೀಯ ವಿದ್ಯಾರ್ಥಿಗೂ ಇತಿಹಾಸದ ಓದುಗರಿಗೂ ಮನೆಯಲ್ಲೇ ಕುಳಿತು ಪ್ರವೇಶಿಸಬಹುದಾದ ಬಾಗಿಲುಗಳಲ್ಲಿ ಇದು ಒಳ್ಳೆಯದೊಂದು ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಬಾಗಿಲಲ್ಲೇ ನಿಂತವರಿಗೆ ಆಸ್ಲರ್ ಅವರ ಅರ್ಧ ಮಾತ್ರ ಕಾಣುತ್ತದೆ.

ಆಸ್ಲರ್ 1849ರಲ್ಲಿ ಕೆನಡಾದ ಬಾಂಡ್ ಹೆಡ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, 1872ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ಅಲ್ಲಿಯೇ ಕೆಲವು ವರ್ಷ ಪಾಠ ಹೇಳಿ, ಮುಂದೆ ಫಿಲಡೆಲ್ಫಿಯಾಕ್ಕೂ, 1889ರಲ್ಲಿ ಬಾಲ್ಟಿಮೋರಿನ ಹೊಸ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೂ, 1905ರಲ್ಲಿ ಆಕ್ಸ್‌ಫರ್ಡಿನ ರೀಜಿಯಸ್ ಪ್ರಾಧ್ಯಾಪಕ ಪೀಠಕ್ಕೂ (ಅರಸರ ನೇಮಕದ ವೈದ್ಯಶಾಸ್ತ್ರ ಪೀಠ) ಹೋದವರು. ಹೋದಲ್ಲೆಲ್ಲ ಹೊಸ ಗೆಳೆಯರು ಸಿಕ್ಕರು, ಹಳಬರನ್ನು ಅವರು ಬಿಡಲಿಲ್ಲ. ಆದ್ದರಿಂದ ಅವರ ಅಂಚೆ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಉದ್ದನೆಯ ಪತ್ರ ಅವರ ಜಾಯಮಾನವಲ್ಲ. ಅಂಚೆ ಕಾರ್ಡಿನ ನಾಲ್ಕಾರು ಸಾಲುಗಳಲ್ಲಿ ರೋಗಿಯೊಬ್ಬನ ವಿಷಯ, ಕೊಂಡ ಹಳೆಯ ಪುಸ್ತಕದ ಸುದ್ದಿ, ಶಿಷ್ಯನಿಗೆ ಒಂದು ಹುದ್ದೆಯ ಸೂಚನೆ, ಮನೆಯವರ ಕ್ಷೇಮಸಮಾಚಾರ, ಕೊನೆಗೊಂದು ಕುಚೇಷ್ಟೆ, ಇಷ್ಟನ್ನೂ ಅಡಕ ಮಾಡುವುದು ಅವರಿಗೆ ಸಾಧ್ಯವಿತ್ತು. ವೃತ್ತಿಯ ಪತ್ರ ಬೇರೆ, ಮನೆಯ ಪತ್ರ ಬೇರೆ ಎಂಬ ಭೇದ ಆ ಕಾಲದ ವೈದ್ಯರಲ್ಲಿ ಎಷ್ಟು ತೆಳುವಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಾಗಿಲ್ಲ. ಆಕ್ಸ್‌ಫರ್ಡ್ ನೇಮಕದ ಪ್ರಸಂಗವನ್ನೇ ನೋಡಬಹುದು. 1904ರ ಬೇಸಿಗೆಯಲ್ಲಿ ಆ ಪೀಠದಲ್ಲಿದ್ದ ಬರ್ಡನ್ ಸ್ಯಾಂಡರ್ಸನ್ ಅವರಿಂದ ಆಹ್ವಾನದ ಪತ್ರ ಬಂದಾಗ ಆಸ್ಲರ್ ತೂಗಿ ನೋಡುತ್ತಲೇ ಉಳಿದರು. ಹಿಂದೆಮುಂದೆ ನೋಡದೆ ಕೂಡಲೇ ಒಪ್ಪಿಕೊಳ್ಳಿ ಎಂಬರ್ಥದ ತಂತಿ ಕಳಿಸಿ ವಿಷಯವನ್ನು ಇತ್ಯರ್ಥ ಮಾಡಿದವರು ಅವರ ಪತ್ನಿ ಗ್ರೇಸ್.

ತಾಣದ ವಿನ್ಯಾಸ ಸರಳವಾಗಿದೆ. ಜೀವನದ ಒಂದೊಂದು ಘಟ್ಟಕ್ಕೆ ಒಂದೊಂದು ಪರಿಚಯ ಲೇಖನವಿದ್ದು, ಅದರ ಜೊತೆಗೆ ದಾಖಲೆಗಳ ಮತ್ತು ಭಾವಚಿತ್ರಗಳ ಪ್ರತಿಗಳು ದೊರೆಯುತ್ತವೆ. ಪರಿಚಯ ಲೇಖನಗಳ ಭಾಷೆ ತಿಳಿಯಾಗಿದೆ, ವೈದ್ಯರಲ್ಲದವರಿಗೂ ತೊಡಕಾಗದು. ಮೂಲ ಕೈಬರಹದ ಚಿತ್ರವನ್ನೇ ಕಣ್ಣಾರೆ ನೋಡುವುದರಲ್ಲಿ ಅಚ್ಚಿನ ಪ್ರತಿ ಕೊಡಲಾರದ ಲಾಭವಿದೆ. ಬರೆದ ಅವಸರ, ಹೊಡೆದುಹಾಕಿದ ಪದ, ಜಾಗ ಸಾಲದೆ ಅಂಚಿಗೆ ಹತ್ತಿದ ಸಾಲು, ಇವೆಲ್ಲ ಬರೆದವರ ಮನಃಸ್ಥಿತಿಯನ್ನು ಹೇಳುತ್ತವೆ.

ಈ ಪತ್ರವ್ಯವಹಾರದಲ್ಲಿ ನನಗೆ ಎಲ್ಲಕ್ಕಿಂತ ಮಹತ್ತ್ವದ್ದೆನಿಸುವುದು ಮಾಡ್ ಆಬಟ್ ಅವರೊಂದಿಗಿನ ಸಂಬಂಧ. ಮೆಕ್‌ಗಿಲ್ ವೈದ್ಯ ವಿಭಾಗವು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳದಿದ್ದ ಕಾಲದಲ್ಲಿ ಅದೇ ಊರಿನ ಬಿಷಪ್ಸ್ ಕಾಲೇಜಿನಿಂದ 1894ರಲ್ಲಿ ಪದವಿ ಪಡೆದ ಆಬಟ್, ಮುಂದೆ ತಮಗೆ ಬಾಗಿಲು ಮುಚ್ಚಿದ್ದ ಮೆಕ್‌ಗಿಲ್‌ನ ವೈದ್ಯಕೀಯ ವಸ್ತುಸಂಗ್ರಹಾಲಯವನ್ನೇ ನೋಡಿಕೊಳ್ಳುವವರಾದರು. ಆಸ್ಲರ್ ತಮ್ಮ ಯೌವನದಲ್ಲಿ ಮಾಂಟ್ರಿಯಲ್‌ನಲ್ಲಿ ನಡೆಸಿದ ಶವಪರೀಕ್ಷೆಗಳ ಮಾದರಿಗಳೂ ಅಲ್ಲಿದ್ದವು. ಅವರು ಆಕೆಯ ಕೆಲಸದ ಬೆಲೆಯನ್ನು ಅರಿತು, ತಾವು ಸಂಪಾದಿಸುತ್ತಿದ್ದ ಬೃಹತ್ ವೈದ್ಯಗ್ರಂಥಕ್ಕೆ ಹುಟ್ಟಿನಿಂದ ಬರುವ ಹೃದಯದೋಷಗಳ ಕುರಿತ ಅಧ್ಯಾಯವನ್ನು ಬರೆಯಲು ಕೇಳಿದರು. ಆಬಟ್ 412 ಪ್ರಕರಣಗಳನ್ನು ವಿಶ್ಲೇಷಿಸಿ ಬರೆದ ಆ ಅಧ್ಯಾಯ 1908ರಲ್ಲಿ ಪ್ರಕಟವಾಯಿತು. ಅದನ್ನು ಓದಿದ ಆಸ್ಲರ್, ಒಳ್ಳೆಯದನ್ನು ನಿರೀಕ್ಷಿಸಿದ್ದೆ, ಆದರೆ ಇಷ್ಟು ಒಳ್ಳೆಯದನ್ನಲ್ಲ, ಇಂಗ್ಲಿಷಿನಲ್ಲಿ, ಬಹುಶಃ ಯಾವ ಭಾಷೆಯಲ್ಲೂ, ಈ ವಿಷಯದ ಬಗ್ಗೆ ಇದಕ್ಕಿಂತ ಉತ್ತಮವಾದದ್ದು ಬಂದಿಲ್ಲ ಎಂಬರ್ಥದಲ್ಲಿ ಅವರಿಗೆ ಬರೆದರು. ಖ್ಯಾತಿಯ ತುದಿಯಲ್ಲಿದ್ದ ಪ್ರಾಧ್ಯಾಪಕರೊಬ್ಬರು ಸ್ವಂತ ಊರಿನಲ್ಲೇ ಸರಿಯಾದ ಸ್ಥಾನ ಸಿಗದ ಮಹಿಳೆಗೆ ಬರೆದ ಈ ಮಾತನ್ನು ಬರಿಯ ಸೌಜನ್ಯವೆಂದು ತಳ್ಳಿಹಾಕಲಾಗದು. ಅಂಥ ಒಂದು ಪತ್ರವು ಆ ದಿನಗಳಲ್ಲಿ ಪ್ರಮಾಣಪತ್ರದಷ್ಟೇ ಕೆಲಸ ಮಾಡುತ್ತಿತ್ತು.

ಪತ್ರಗಳು ಉಳಿದುಬಂದ ಬಗೆಯನ್ನೂ ಓದುಗರು ಗಮನದಲ್ಲಿಡಬೇಕು. ಕಳಿಸಿದ ಪತ್ರ ಬರೆದವರ ಮನೆಯಲ್ಲಿ ಉಳಿಯುವುದಿಲ್ಲ, ಪಡೆದವರ ಮೇಜಿನಲ್ಲಿ ಉಳಿಯುತ್ತದೆ. 1919ರ ಡಿಸೆಂಬರ್ 29ರಂದು ಆಸ್ಲರ್ ತೀರಿಕೊಂಡ ಬಳಿಕ ಗ್ರೇಸ್ ಅವರ ಕೋರಿಕೆಯಂತೆ ಜೀವನಚರಿತ್ರೆ ಬರೆಯಲು ಒಪ್ಪಿದ ಮಿದುಳಿನ ಶಸ್ತ್ರವೈದ್ಯ ಹಾರ್ವೆ ಕುಶಿಂಗ್, ಹಲವರ ಬಳಿಯಿದ್ದ ಪತ್ರಗಳನ್ನು ಕೇಳಿ ತರಿಸಿ ನಕಲು ಮಾಡಿಸಿದರು. 1925ರಲ್ಲಿ ಎರಡು ಸಂಪುಟಗಳಾಗಿ ಬಂದ ಅವರ ಗ್ರಂಥಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ಕುಶಿಂಗ್ ದೂರ ನಿಂತು ನೋಡಿದ ಚರಿತ್ರಕಾರರಲ್ಲ. ಬಾಲ್ಟಿಮೋರಿನಲ್ಲಿ ಅವರು ಆಸ್ಲರ್ ಅವರ ನೆರೆಮನೆಯವರು. 1917ರ ಆಗಸ್ಟ್ ಕೊನೆಯಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಆಸ್ಲರ್ ದಂಪತಿಯ ಮಗ, 21 ವರ್ಷದ ರೆವೆರ್, ಗಾಯಗೊಂಡು ಪ್ರಾಣಬಿಟ್ಟಾಗ ಹತ್ತಿರದ ಸೇನಾ ಚಿಕಿತ್ಸಾ ಕೇಂದ್ರದಿಂದ ಬಂದು ಆತನ ಬಳಿಯಲ್ಲಿದ್ದವರು. ಅಂಥ ಗೆಳೆಯರ ಕೈಯಿಂದ ಹಾದುಬಂದ ನಕಲುಗಳಿಗೆ ನಾವು ಕೃತಜ್ಞರಾಗಿರಬೇಕು ನಿಜ, ಆದರೆ ಮೂಲ ಯಾವುದು, ನಕಲು ಯಾವುದು ಎಂಬ ಎಚ್ಚರವನ್ನೂ ಬಿಡಬಾರದು.

ನನ್ನ ಮುಖ್ಯ ಆಕ್ಷೇಪವಿರುವುದೂ ಇಲ್ಲಿಯೇ. ತಾಣದಲ್ಲಿರುವುದು ಆಯ್ದ ದಾಖಲೆಗಳು, ಸಮಗ್ರ ಪತ್ರವ್ಯವಹಾರವಲ್ಲ. ಆಯ್ಕೆ ಎಂದ ಮೇಲೆ ಆಯ್ದವರ ದೃಷ್ಟಿ ಇದ್ದೇ ಇರುತ್ತದೆ. ಒಂದೊಂದು ಪತ್ರಕ್ಕೂ ಬಂದ ಉತ್ತರ ಪಕ್ಕದಲ್ಲೇ ಸಿಗಲಿ ಎಂದು ಬಯಸುವ ಓದುಗರಿಗೆ ನಿರಾಸೆಯಾಗುತ್ತದೆ. ಎಲ್ಲರಿಗೂ ಬೇಕಾದ ಗುರು, ಹಾಸಿಗೆಯ ಪಕ್ಕದಲ್ಲಿ ಪಾಠ ಹೇಳಿದ ಆದರ್ಶ ವೈದ್ಯ ಎಂಬ ಚಿತ್ರ ಸುಲಭವಾಗಿ ಮೂಡುತ್ತದೆ; ವೈದ್ಯರು ಪರಸ್ಪರ ಏನನ್ನು ಬರೆದುಕೊಳ್ಳಲಿಲ್ಲ ಎಂಬ ಪ್ರಶ್ನೆ ಮೂಡುವುದಿಲ್ಲ. ಬಾಲ್ಟಿಮೋರಿನ ಸಹೋದ್ಯೋಗಿ, ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರ ಮಾರ್ಫಿನ್ ವ್ಯಸನವನ್ನು ಆಸ್ಲರ್ ಬಲ್ಲವರಾಗಿದ್ದರು. ಆದರೆ ಅದನ್ನು ದಾಖಲಿಸಿದ್ದು ಮುಚ್ಚಿಟ್ಟ ಒಂದು ಪುಟ್ಟ ಪುಸ್ತಕದಲ್ಲಿ, ಅದು ಪ್ರಕಟವಾದದ್ದು 1969ರಲ್ಲಿ. ಇಷ್ಟೊಂದು ಧಾರಾಳವಾಗಿ ಬರೆಯುತ್ತಿದ್ದವರು ಎಲ್ಲಿ ಬಾಯಿ ಕಟ್ಟುತ್ತಿದ್ದರು ಎಂಬುದನ್ನೂ ಪರಿಚಯ ಲೇಖನಗಳು ಇನ್ನಷ್ಟು ಒತ್ತಿ ಹೇಳಬಹುದಿತ್ತು ಎಂದು ನನ್ನ ಅಭಿಪ್ರಾಯ.

ಬಳಕೆಯ ವಿಷಯದಲ್ಲಿ ಕೆಲವು ಮಾತುಗಳು. ಆಸ್ಲರ್ ಕೈಬರಹಕ್ಕೆ ಕಣ್ಣು ಒಗ್ಗಲು ಸ್ವಲ್ಪ ಕಾಲ ಬೇಕು; ಮೊಬೈಲಿನ ಪರದೆಯ ಮೇಲೆ ಅದನ್ನು ಓದುವುದು ಕಣ್ಣಿಗೆ ಶಿಕ್ಷೆ, ದೊಡ್ಡ ಪರದೆಯೇ ಲೇಸು. ಕೈಬರಹದ ಪತ್ರದೊಳಗಿನ ಪದವೊಂದು ಹುಡುಕಾಟದಲ್ಲಿ ಸಿಕ್ಕೇಸಿಗುತ್ತದೆಂದು ನಂಬಿ ಕೂರದೆ, ಬರೆದವರ ಹೆಸರು, ಪಡೆದವರ ಹೆಸರು ಮತ್ತು ವರ್ಷವನ್ನು ಹಿಡಿದು ಹೋಗುವುದು ಉತ್ತಮ. ಎಲ್ಲ ವಿವರಣೆಯೂ ಇಂಗ್ಲಿಷಿನಲ್ಲೇ ಇದೆ. ಇದರ ಜೊತೆಗೆ ಮೆಕ್‌ಗಿಲ್‌ನ ಆಸ್ಲರ್ ಗ್ರಂಥಾಲಯದ ಪತ್ರಸೂಚಿಯನ್ನೂ ತೆರೆದಿಟ್ಟುಕೊಳ್ಳುವುದು ಒಳಿತು. ಆಸ್ಲರ್ ತಮ್ಮ ಸುಮಾರು ಎಂಟು ಸಾವಿರ ಪುಸ್ತಕಗಳನ್ನು ಬಿಟ್ಟುಹೋದದ್ದು ಆ ಸಂಸ್ಥೆಗೇ, ಗ್ರಂಥಾಲಯ ತೆರೆದದ್ದು 1929ರಲ್ಲಿ; ಕುಶಿಂಗ್ ಕೂಡಿಹಾಕಿದ ಪತ್ರಗಳ ವಿವರ ಅಲ್ಲಿನ ಸೂಚಿಯಲ್ಲಿದೆ. ಬೆಥೆಸ್ಡಾದ ತಾಣದಲ್ಲಿ ಕಾಣದ ಹೆಸರುಗಳು ಮಾಂಟ್ರಿಯಲ್‌ನ ಸೂಚಿಯಲ್ಲಿ ಕಾಣಿಸಿಕೊಂಡಾಗ ಸಂಗ್ರಹದ ನಿಜವಾದ ಹರವು ತಿಳಿಯುತ್ತದೆ. ಮೊದಲ ಬಾರಿಗೆ ಬರುವವರು ಜೀವನದ ಘಟ್ಟಗಳ ಕ್ರಮವನ್ನು ಬಿಟ್ಟು, ಆಬಟ್ ಅವರಂಥ ಒಬ್ಬರ ಹೆಸರನ್ನು ಹಿಡಿದು ಎರಡೂ ಕಡೆ ಹುಡುಕಲಿ. ಯಾವುದೇ ಪತ್ರದ ಚಿತ್ರವನ್ನು ಲೇಖನದಲ್ಲೋ ಪುಸ್ತಕದಲ್ಲೋ ಅಚ್ಚು ಹಾಕಿಸುವವರು ಆಯಾ ದಾಖಲೆಯ ಹಕ್ಕಿನ ವಿವರವನ್ನು ಮೊದಲು ಓದಿಕೊಂಡು, ಮೂಲ ಯಾರ ಬಳಿ ಇದೆಯೋ ಆ ಗ್ರಂಥಾಲಯಕ್ಕೆ ಒಂದು ಪತ್ರ ಬರೆದು ಕೇಳುವುದು ಕ್ರಮ.