ಫೆರೋಫ್ಲೂಯಿಡ್ ಬಾಟಲಿ, ಎರಡು ವರ್ಷದ ಮೇಲೆ: ಎರಡೂ ಅರ್ಥದಲ್ಲಿ ಕಲೆ

ಮೊದಲು ಗೋಳು ಹೇಳಿಬಿಡುತ್ತೇನೆ. ಆಯಸ್ಕಾಂತಕ್ಕೆ ಓಗೊಡುವ ಕಪ್ಪು ದ್ರವ ಹಾಡಿಗೆ ತಕ್ಕಂತೆ ಕುಣಿಯುವ ಈ ಬಾಟಲಿಯ ಗಾಜಿಗೆ ಕಲೆ ಹಿಡಿಯುತ್ತದೆ. ಆರು ಸಾವಿರ ಚಿಲ್ಲರೆ ಕೊಟ್ಟು ತಂದದ್ದು ನಾಲ್ಕನೇ ತಿಂಗಳಿಗೆಲ್ಲ, ಡಿಕಾಕ್ಷನ್ ಹಾಕಿ ತೊಳೆಯದೆ ಬಿಟ್ಟ ಗಾಜಿನ ಲೋಟದ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು. ಒಳಗೆ ದ್ರವ ಕುಣಿಯುತ್ತಲೇ ಇರುತ್ತದೆ, ಹೊರಗಿನವರಿಗೆ ಕಾಣಬೇಕಲ್ಲ?

ಎತ್ತರ, ವ್ಯಾಸ, ಬ್ಲೂಟೂತು, ಅಡಾಪ್ಟರಿನ ವಿವರವೆಲ್ಲ ಮಾರಾಟದ ಪುಟದಲ್ಲೇ ಇದೆ, ಇಲ್ಲಿ ಬರೆಯುವುದಿಲ್ಲ. ಇಂಥ ಬಾಟಲಿಗಳು ಹತ್ತಾರು ಹೆಸರಿನಲ್ಲಿ ಬರುತ್ತವೆ. ಬಿಚ್ಚಿ ನೋಡಿದರೆ ಸಾಮಾನು ಹೆಚ್ಚುಕಡಿಮೆ ಒಂದೇ: ಗಾಜಿನ ಸೀಸೆ, ಅದರಲ್ಲಿ ನೀರಿನಂಥ ತಿಳಿ ದ್ರವ, ಅದರೊಳಗೆ ಎಂಟು ಹತ್ತು ಎಂಎಲ್ ಕಪ್ಪು ಫೆರೋಫ್ಲೂಯಿಡ್, ಪೀಠದಲ್ಲಿ ತಾಮ್ರದ ಕಾಯಿಲು (ಕರೆಂಟ್ ಹರಿದಾಗ ಆಯಸ್ಕಾಂತವಾಗುವ ತಂತಿಯ ಸುರುಳಿ), ಒಂದು ಮೈಕು. ಆದ್ದರಿಂದ ಕೆಳಗೆ ಬರೆದದ್ದು ಯಾವ ಹೆಸರಿನ ಬಾಟಲಿ ತೆಗೆದುಕೊಂಡವರಿಗೂ ಉಪಯೋಗಕ್ಕೆ ಬರುತ್ತದೆ.

ಹಾಡಿಗೆ ಕುಣಿಯುವುದನ್ನು ಒಂದೆರಡು ವಾರ ನೋಡಿದ ಮೇಲೆ ಸಾಕೆನಿಸುತ್ತದೆ. ಯಾವ ಹಾಡು ಹಾಕಿದರೂ ತಬಲಾ, ಡ್ರಮ್ಮಿನ ಪೆಟ್ಟು ಬಿದ್ದಾಗ ಮಾತ್ರ ಮೇಲೇಳುತ್ತದೆ. ಆಲಾಪನೆ ಹಾಕಿದರೆ ಸುಮ್ಮನೆ ಗುಡ್ಡೆಯಾಗಿ ಕೂತಿರುತ್ತದೆ. ನಿಜವಾದ ಸುಖ ಇರುವುದು ಸ್ವಿಚ್ ಆಫ್ ಮಾಡಿ ಕೈಯಲ್ಲಿ ಆಯಸ್ಕಾಂತ ಹಿಡಿದಾಗ. 20 ಮಿಮೀ ವ್ಯಾಸ, 5 ಮಿಮೀ ದಪ್ಪದ ಎನ್35 ದರ್ಜೆಯ ನಿಯೋಡಿಮಿಯಂ ಆಯಸ್ಕಾಂತದ ಬಿಲ್ಲೆ ಸಾಕು. ಅದಕ್ಕಿಂತ ಬಲವಾದ ಎನ್52 ಬೇಡ, ಅದು ದ್ರವವನ್ನು ಒಂದೇ ಏಟಿಗೆ ಗಾಜಿಗೆ ಬಡಿಯುತ್ತದೆ. ಬಿಲ್ಲೆಗೆ ಹಳೆ ಬನಿಯನ್ ಬಟ್ಟೆಯ ಒಂದು ಸುತ್ತು ಹಾಕಿ, ಗೀರು ಬೀಳುವುದಿಲ್ಲ. ಬಾಟಲಿಯಿಂದ ನಾಲ್ಕು ಸೆಂಟಿಮೀಟರ್ ದೂರದಲ್ಲಿ ಹಿಡಿದು ಮೆಲ್ಲಗೆ ಹತ್ತಿರ ತನ್ನಿ. ಮೊದಲು ಕಪ್ಪು ಹನಿಯ ಬೆನ್ನು ಉಬ್ಬುತ್ತದೆ, ನುಣ್ಣಗೆ ನೇರಳೆ ಹಣ್ಣಿನ ಹಾಗೆ. ಇನ್ನೂ ಸ್ವಲ್ಪ ಹತ್ತಿರ. ಏನೂ ಆಗುವುದಿಲ್ಲ. ಮತ್ತೆ ಎರಡು ಮಿಲಿಮೀಟರ್. ತಟ್ಟನೆ ಹಲಸಿನ ಸಿಪ್ಪೆ! ಒಂದೊಂದೇ ಮುಳ್ಳು ಏಳುವುದಿಲ್ಲ, ಒಟ್ಟಿಗೆ ಏಳುತ್ತವೆ, ಪ್ರತಿಯೊಂದರ ಸುತ್ತಲೂ ಆರರಂತೆ ಜೋಡಿಸಿಕೊಂಡು.

ಈ ತಟ್ಟನೆಗೆ ಕಾರಣವಿದೆ. ದ್ರವದ ತೂಕ ಮತ್ತು ಮೇಲ್ಮೈ ಎಳೆತ ಎರಡೂ ಅದನ್ನು ಚಪ್ಪಟೆಯಾಗಿ ಇಡಲು ನೋಡುತ್ತವೆ, ಕಾಂತಕ್ಷೇತ್ರ ಎತ್ತಲು ನೋಡುತ್ತದೆ. ಕ್ಷೇತ್ರ ಒಂದು ಮಿತಿ ದಾಟುವವರೆಗೆ ಚಪ್ಪಟೆಯದೇ ಗೆಲುವು. ವಿಜ್ಞಾನಿಗಳಾದ ಕೌಲಿ ಮತ್ತು ರೋಸೆನ್ಸ್‌ವೈಗ್ 1967ರಲ್ಲಿ ಈ ಮಿತಿಯನ್ನು ಲೆಕ್ಕಹಾಕಿ ತೋರಿಸಿದರು. ತೆರೆದ ತಟ್ಟೆಯಲ್ಲಾದರೆ ಮುಳ್ಳಿನಿಂದ ಮುಳ್ಳಿಗೆ ಶುರುವಿನಲ್ಲಿ ಸುಮಾರು 9 ಮಿಮೀ ಅಂತರ ಬರುತ್ತದೆ. ಬಾಟಲಿಯ ಒಳಗೆ ಸುತ್ತಲಿನ ನೀರು ಅರ್ಧಕ್ಕಿಂತ ಹೆಚ್ಚು ತೂಕ ಹೊತ್ತುಕೊಳ್ಳುವುದರಿಂದ ಕಡಿಮೆ ಕ್ಷೇತ್ರಕ್ಕೇ ಮುಳ್ಳು ಬರುತ್ತದೆ, ಆದರೆ ಗಾಳಿಯಲ್ಲಿ ಕಾಣುವಷ್ಟು ಚೂಪಲ್ಲ, ತುದಿ ಮೊಂಡು. ಬಿಲ್ಲೆಯನ್ನು ತಿರುಗಿಸಿ ಇನ್ನೊಂದು ಧ್ರುವ ಹಿಡಿದರೂ ಅದೇ ಆಟ. ಈ ದ್ರವಕ್ಕೆ ತನ್ನದೇ ಆದ ಉತ್ತರ ದಕ್ಷಿಣ ಇಲ್ಲ. ಎರಡು ಹನಿ ಮಾಡಿ ಒಂದಕ್ಕೊಂದು ತಾಗಿಸಿ ನೋಡಿ: ಕೂಡಲೇ ಸೇರುವುದಿಲ್ಲ. ನಡುವೆ ಸಿಕ್ಕಿಕೊಂಡ ನೀರಿನ ಪೊರೆ ಜಾರಿ ಹೋಗುವವರೆಗೆ ಎರಡೂ ಕೆನ್ನೆಗೆ ಕೆನ್ನೆ ಒತ್ತಿಕೊಂಡು ಕೂತಿರುತ್ತವೆ, ಆಮೇಲೆ ಗುಳುಕ್ಕನೆ ಒಂದಾಗುತ್ತವೆ. ಕೊಟ್ಟ ದುಡ್ಡು ಇಲ್ಲಿ ಹುಟ್ಟಿತು.

ಈಗ ಕಲೆಯ ವಿಷಯ.

ಫೆರೋಫ್ಲೂಯಿಡ್ ಎಂದರೆ ಸುಮಾರು 10 ನ್ಯಾನೋಮೀಟರಿನ ಮ್ಯಾಗ್ನೆಟೈಟ್ (ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡು) ಕಣಗಳು, ಒಂದಕ್ಕೊಂದು ಅಂಟದಂತೆ ಒಲಿಯಿಕ್ ಆಮ್ಲದಂಥದ್ದರ ಲೇಪ, ಅವು ತೇಲಲು ಹಗುರ ಎಣ್ಣೆ. ರಾಕೆಟ್ಟಿನಲ್ಲಿ ತೂಕವಿಲ್ಲದ ಸ್ಥಿತಿಯಲ್ಲಿ ಇಂಧನವನ್ನು ಆಯಸ್ಕಾಂತದಿಂದ ಎಳೆದು ತರಲು 1963ರಲ್ಲಿ ನಾಸಾದ ಸ್ಟೀವ್ ಪಾಪೆಲ್ ಮಾಡಿದ್ದೂ ಇದನ್ನೇ, ಮ್ಯಾಗ್ನೆಟೈಟ್ ಪುಡಿಯನ್ನು ಗುಂಡುಗಳು ಉರುಳಿ ಅರೆಯುವ ಬಾಲ್ ಮಿಲ್ಲಿನಲ್ಲಿ ದಿನಗಟ್ಟಲೆ ಅರೆದು. ಎಣ್ಣೆಯ ದ್ರವ ಗಾಜಿಗೆ ಅಂಟಬಾರದು ಎಂದರೆ ಗಾಜಿಗೂ ಎಣ್ಣೆಗೂ ನಡುವೆ ಸದಾ ನೀರಿನ ತೆಳು ಪದರ ಇರಬೇಕು. ಶುದ್ಧ ಗಾಜು ನೀರನ್ನು ಹಿಡಿದುಕೊಳ್ಳುತ್ತದೆ. ಬೆರಳಿನ ಜಿಡ್ಡು, ತಯಾರಿಕೆಯಲ್ಲಿ ಉಳಿದ ಎಣ್ಣೆ, ಒಮ್ಮೆ ಒಣಗಿದ ಜಾಗ, ಇಷ್ಟರಲ್ಲಿ ಯಾವುದಿದ್ದರೂ ಅಲ್ಲಿ ನೀರು ಬಿಟ್ಟುಕೊಡುತ್ತದೆ, ಎಣ್ಣೆ ಕೂರುತ್ತದೆ, ಜತೆಗೆ ಕಣಗಳೂ.

ನನ್ನ ಬಾಟಲಿಯಲ್ಲಿ ಅದಕ್ಕಿಂತ ದೊಡ್ಡ ತಪ್ಪು ಪೀಠದಲ್ಲಿದೆ. ಕರೆಂಟ್ ಇಲ್ಲದಾಗಲೂ ದ್ರವ ನಡುವಿನಲ್ಲಿ ಕೂರಲಿ ಎಂದು ಕಾಯಿಲಿನ ಮೇಲೆ ಪುಟ್ಟ ಕಾಯಂ ಆಯಸ್ಕಾಂತ ಇಟ್ಟಿದ್ದಾರೆ. ರಾತ್ರಿಯಿಡೀ ಅದು ದ್ರವವನ್ನು ತಳಕ್ಕೆ ಒತ್ತಿ ಹಿಡಿಯುತ್ತದೆ. ಒತ್ತಿದಷ್ಟೂ ನೀರಿನ ಪದರ ಪಕ್ಕಕ್ಕೆ ಜಾರುತ್ತದೆ. ಮೊದಲ ಕಲೆ ತಳದಲ್ಲಿ, ಹತ್ತು ರೂಪಾಯಿ ನಾಣ್ಯದ ಅಗಲಕ್ಕೆ ದುಂಡಗೆ ಬಂತು. ಮದ್ದು ಸುಲಭ: ಆಟ ಮುಗಿದ ಮೇಲೆ ಬಾಟಲಿಯನ್ನು ಪೀಠದಿಂದ ಎತ್ತಿ ಬೇರೆ ಇಡಿ. ಹೀಗೆಂದು ಕೈಪಿಡಿಯಲ್ಲಿ ಒಂದು ಸಾಲು ಬರೆಯಲು ಏನಾಗಿತ್ತು?

ಈ ಜಾತಿಯ ಶಿಲ್ಪಕ್ಕೆ ದಾರಿ ಹಾಕಿದವರಲ್ಲಿ ಮುಖ್ಯರು ಜಪಾನಿನ ಕಲಾವಿದೆ ಸಚಿಕೊ ಕೊದಾಮಾ. ಮಿನಾಕೊ ತಾಕೆನೊ ಜತೆ 2001ರಲ್ಲಿ ಮಾಡಿದ ‘ಪ್ರೊಟ್ರೂಡ್, ಫ್ಲೋ’ದಲ್ಲಿ ನೋಡುಗರ ಮಾತನ್ನು ಮೈಕು ಹಿಡಿದು, ಅದರ ಏರಿಳಿತಕ್ಕೆ ತಕ್ಕಂತೆ ವಿದ್ಯುತ್ಕಾಂತದ ಬಲ ಬದಲಾಗುತ್ತಿತ್ತು. ನಮ್ಮ ಮೇಜಿನ ಮೇಲಿನ ಹಾಡುಬಾಟಲಿ ಅದರ ದೂರದ ಮೊಮ್ಮಗು. 2006ರ ‘ಮಾರ್ಫೋ ಟವರ್ಸ್’ನಲ್ಲಿ ಸುರುಳಿ ಗೀರಿನ ಕಬ್ಬಿಣದ ಗೋಪುರಗಳ ಮೈಮೇಲೆ ಮುಳ್ಳುಗಳು ಸುತ್ತುತ್ತಾ ಹತ್ತಿ ಇಳಿಯುತ್ತವೆ. ಅಲ್ಲಿ ಗಮನಿಸಬೇಕಾದ್ದು: ಬಾಟಲಿಯೇ ಇಲ್ಲ. ದ್ರವ ತೆರೆದ ಗಾಳಿಯಲ್ಲಿದೆ, ಕಬ್ಬಿಣದ ಮೈ ಒದ್ದೆಯಾಗಿ ಕಪ್ಪಾಗುವುದೇ ಅಲ್ಲಿಯ ಚೆಂದ. ಅಂಟುವುದನ್ನೇ ಕೆಲಸಕ್ಕೆ ಹಚ್ಚಿದ್ದಾರೆ. ಬಾಟಲಿ ಮಾಡುವವರು ಅಂಟುವ ದ್ರವಕ್ಕೆ ಅಂಟಬೇಡ ಎಂದು ಹೇಳಲು ಹೊರಟಿದ್ದಾರೆ. ಕಷ್ಟದ ಕೆಲಸ ಅದು. ಇದು ತಿಳಿದ ಮೇಲೆ ಕೋಪ ಸ್ವಲ್ಪ ಇಳಿಯಿತು. ಹಾಗೆಂದು ತೆರೆದ ತಟ್ಟೆಯೂ ಮನೆಗೆ ಹೇಳಿಸಿದ್ದಲ್ಲ: ಧೂಳು ಕೂರುತ್ತದೆ, ಹಗುರ ಎಣ್ಣೆ ನಿಧಾನವಾಗಿ ಆರಿ ದ್ರವ ಗಟ್ಟಿಯಾಗುತ್ತದೆ, ಒಂದು ಹನಿ ಅಂಗಿಗೆ ಬಿದ್ದರೆ ಆ ಅಂಗಿ ಮತ್ತೆ ಒರೆಸುವ ಬಟ್ಟೆಯೇ.

ಕಲೆ ತೆಗೆದು ಮತ್ತೆ ತುಂಬಬಹುದು. ಅರ್ಧ ದಿನದ ಕೆಲಸ, ಖರ್ಚು ಮುನ್ನೂರು ರೂಪಾಯಿಯೊಳಗೆ. ಕೆಳಗೆ ಹಳೆ ಪೇಪರ್ ದಪ್ಪಗೆ ಹಾಸಿ, ಕೈಗವಸು ಹಾಕಿಕೊಳ್ಳಿ. ಹೊರಗಿನಿಂದ ಆಯಸ್ಕಾಂತ ಹಿಡಿದು ದ್ರವವನ್ನು ಕತ್ತಿನ ಹತ್ತಿರಕ್ಕೆ ತಂದು, ಮೆಡಿಕಲ್ ಶಾಪಿನ 10 ಎಂಎಲ್ ಸಿರಿಂಜಿನಿಂದ ಹೀರಿ, ಒಣಗಿದ ಗಾಜಿನ ಶೀಶಿಗೆ ಹಾಕಿ. ಸಿರಿಂಜಿನಲ್ಲೇ ಬಿಡಬೇಡಿ, ಎಣ್ಣೆಗೆ ಅದರ ರಬ್ಬರು ಉಬ್ಬಿ ಕಚ್ಚಿಕೊಳ್ಳುತ್ತದೆ. ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತದೆ ಈ ಕೆಲಸಕ್ಕೆ ಇಳಿಯಲೇಬೇಡಿ. ಬರಿ ಆಯಸ್ಕಾಂತಕ್ಕೆ ಈ ದ್ರವ ತಾಗಿದರೆ ಒರೆಸಿದಷ್ಟೂ ಮುಳ್ಳಾಗಿ ಅಲ್ಲೇ ನಿಲ್ಲುತ್ತದೆ. ಕವರ್ ಇದ್ದರೆ ಅದನ್ನು ಒಳಹೊರಗು ಮಾಡಿ ಆಯಸ್ಕಾಂತ ಹೊರತೆಗೆದರಾಯಿತು.

ಖಾಲಿ ಬಾಟಲಿಗೆ ಪೇಂಟ್ ಅಂಗಡಿಯ ಟರ್ಪೆಂಟೈನ್ 20 ಎಂಎಲ್ ಹಾಕಿ, ಕುಲುಕಿ, ಡಬ್ಬಕ್ಕೆ ಸುರಿಯಿರಿ. ಎರಡು ಸಲ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ, ಸಿಂಕಿಗೂ ಬೇಡ. ಕೆಲವರು ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಹಾಕುತ್ತಾರೆ. ಅದು ಕಣಗಳನ್ನು ಮುದ್ದೆಗಟ್ಟಿಸುತ್ತದೆ, ಹನಿ ಉಳಿದರೂ ಒಳ್ಳೆ ದ್ರವ ಹಾಳು. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ಡು, ಬಿಸಿನೀರು. ನಂತರ 200 ಎಂಎಲ್ ಬಿಸಿನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಕದಡಿ, ಬಾಟಲಿ ತುಂಬ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಐದಾರು ಸಲ ಜಾಲಿಸಿ. ಬೆಂಗಳೂರಿನ ಬೋರ್‌ವೆಲ್ ನೀರು ಬೇಡ, ಅದರ ಸುಣ್ಣ ಗಾಜಿನ ಮೇಲೆ ಕೂತು ಎಣ್ಣೆಗೆ ಹಿಡಿಕೆ ಆಗುತ್ತದೆ. ಜಾಲಿಸುವುದರಲ್ಲಿ ಜಿಪುಣತನ ಮಾಡಿದರೆ ಸೋಪು ಉಳಿಯುತ್ತದೆ. ಆಗ ದ್ರವ ಒಂದು ಗುಡ್ಡೆಯಾಗಿ ನಿಲ್ಲದೆ ಸಾಸಿವೆಗಿಂತ ಸಣ್ಣ ಹನಿಗಳಾಗಿ ಒಡೆದು ನೀರೆಲ್ಲ ಚಹಾದ ಬಣ್ಣವಾಗುತ್ತದೆ. ಹಾಗಾದರೆ ಮೊದಲಿನಿಂದ ಶುರು.

ಗಾಜು ತಯಾರೋ ಇಲ್ಲವೋ ಎಂದು ನೋಡಲು ಬಾಟಲಿ ಓರೆ ಮಾಡಿ. ಒಳಗಿನ ನೀರು ಹನಿ ಹನಿಯಾಗಿ ನಿಂತರೆ ಜಿಡ್ಡಿದೆ, ಮತ್ತೊಮ್ಮೆ ಸೋಡಾ. ಒಂದೇ ತೆಳು ಹಾಳೆಯಾಗಿ ಇಳಿದರೆ ಸರಿ. ಬಟ್ಟೆ ಹಾಕಿ ಒರೆಸಬೇಡಿ, ಒಣಗಲೂ ಬಿಡಬೇಡಿ, ಒದ್ದೆಯಿರುವಾಗಲೇ ತುಂಬಿ.

ತುಂಬಲು ಬರಿ ನೀರಲ್ಲ, ಉಪ್ಪುನೀರು. ಸಾಮಾನ್ಯ ಫೆರೋಫ್ಲೂಯಿಡ್ ಒಂದು ಎಂಎಲ್‌ಗೆ ಸುಮಾರು 1.2 ಗ್ರಾಂ ತೂಗುತ್ತದೆ. ಉಪ್ಪು ಇನ್ನು ಕರಗದು ಎನ್ನುವಷ್ಟು ಹಾಕಿದ ನೀರೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ, ಅದರಲ್ಲಿ ದ್ರವ ತಳಕ್ಕೆ ಇಳಿಯದೆ ನಡುವೆಯೇ ಅಲೆಯುತ್ತದೆ. ಒಮ್ಮೆ ನೋಡಲು ಚೆಂದ, ದಿನಕ್ಕಲ್ಲ. 90 ಎಂಎಲ್ ಡಿಸ್ಟಿಲ್ಡ್ ವಾಟರಿಗೆ 10 ಗ್ರಾಂ ಉಪ್ಪು ನನಗೆ ಹಿಡಿಸಿದ ಅಳತೆ: ಹನಿ ಸಾವಕಾಶವಾಗಿ ಇಳಿಯುತ್ತದೆ, ಆಯಸ್ಕಾಂತಕ್ಕೆ ಚುರುಕಾಗಿ ಓಗೊಡುತ್ತದೆ. ಅಡುಗೆಯ ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಂತೆ ಸೇರಿಸುವ ಪುಡಿ ಇರುತ್ತದೆ, ನೀರು ಮಬ್ಬಾಗುತ್ತದೆ. ಲ್ಯಾಬ್ ಸಾಮಾನಿನ ಅಂಗಡಿಯ ಸೋಡಿಯಂ ಕ್ಲೋರೈಡ್ ತನ್ನಿ, ಇಲ್ಲವೇ ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ. ಮೊದಲು ಉಪ್ಪುನೀರು ಕಂಠದವರೆಗೆ ತುಂಬಿ ಒಂದು ದಿನ ಬಿಟ್ಟು, ಆಮೇಲೆ ಸಿರಿಂಜಿನ ತುದಿಯನ್ನು ತಳದ ಹತ್ತಿರಕ್ಕೆ ಇಳಿಸಿ ದ್ರವ ಬಿಡಿ. ಮೇಲಿನಿಂದ ಸುರಿದರೆ ನೀರಿನ ಮೇಲೆ ಪೊರೆಯಾಗಿ ಹರಡಿ ಕತ್ತಿನ ಸುತ್ತ ಉಂಗುರ ಕಟ್ಟುತ್ತದೆ. ಎರಡು ಮೂರು ಎಂಎಲ್ ಗಾಳಿಗೆ ಜಾಗ ಬಿಡಿ; ಬೇಸಿಗೆಯಲ್ಲಿ ದ್ರವ ಹಿಗ್ಗಿದಾಗ ಗಾಜು ಬಿರಿಯುವುದಿಲ್ಲ. ತಗಡಿನ ಮುಚ್ಚಳ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಮುಚ್ಚಳ, ಅದರ ತಿರುಪಿಗೆ ಪ್ಲಂಬರ್ ಬಳಸುವ ಬಿಳಿ ಟೇಪು ನಾಲ್ಕು ಸುತ್ತು.

ಹೀಗೆ ತುಂಬಿ ಒಂದು ವರ್ಷ ದಾಟಿದೆ. ಗಾಜು ತಿಳಿಯಾಗಿಯೇ ಇದೆ.

ಪೀಠದ ಬಗ್ಗೆ ಎರಡು ಮಾತು. ಕಾಯಿಲಿನ ರೆಸಿಸ್ಟೆನ್ಸು ತಣ್ಣಗಿದ್ದಾಗ 5.2 ಓಮ್, ಅಂದರೆ 12 ವೋಲ್ಟಿಗೆ 2.3 ಆಂಪಿಯರ್. ಅರ್ಧ ಗಂಟೆ ಪೂರ್ತಿ ಜೋರಿನಲ್ಲಿ ಓಡಿಸಿ ಅಳೆದರೆ 6.2 ಓಮ್. ತಾಮ್ರದ ರೆಸಿಸ್ಟೆನ್ಸು ಪ್ರತಿ ಡಿಗ್ರಿಗೆ ಶೇ. 0.39ರಷ್ಟು ಏರುತ್ತದೆ. ಲೆಕ್ಕ ಹಾಕಿದರೆ ಕಾಯಿಲು ಸುಮಾರು 50 ಡಿಗ್ರಿ ಹೆಚ್ಚು ಕಾದಿದೆ, ಕೋಣೆಯ ಬಿಸಿಯೂ ಸೇರಿ 75ರ ಆಸುಪಾಸು. ಕರೆಂಟು 1.9 ಆಂಪಿಯರಿಗೆ ಇಳಿಯುತ್ತದೆ, ಮುಳ್ಳು ಗಿಡ್ಡವಾಗುತ್ತದೆ. ಕಾಯಿಲಿನ ಮೇಲಿರುವ ಅಗ್ಗದ ನಿಯೋಡಿಮಿಯಂ ಬಿಲ್ಲೆಗೆ 80 ಡಿಗ್ರಿಯೇ ಗಡಿ, ದಾಟಿದರೆ ಅದರ ಬಲ ಕಾಯಂ ಆಗಿ ಕುಗ್ಗುತ್ತದೆ. ಇಪ್ಪತ್ತು ನಿಮಿಷ ಆಟ, ಇಪ್ಪತ್ತು ನಿಮಿಷ ಬಿಡುವು ಎಂದು ಇಟ್ಟುಕೊಳ್ಳಿ. ಸಣ್ಣ ಕುಂಯ್ ಸದ್ದು ಬರುವುದು ಬೋರ್ಡು ಕಿವಿಗೆ ಕೇಳುವ ವೇಗದಲ್ಲಿ ಕರೆಂಟನ್ನು ಹಾಕಿ ತೆಗೆಯುವುದರಿಂದ. ಬೆಸುಗೆ ಗೊತ್ತಿರುವವರು ಆರ್ಡುಯಿನೊ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡು) ಕೂರಿಸಿ ಆ ವೇಗವನ್ನು ಕಿವಿಗೆ ಕೇಳದ 20 ಕಿಲೋಹರ್ಟ್ಸ್ ಮೇಲೆ ಒಯ್ಯಬಹುದು. ಆಗ ಕಾಯಿಲಿಗೆ ಅಡ್ಡ ಹಾಕಿರುವ 1ಎನ್4007 ಡಯೋಡು ಆ ವೇಗಕ್ಕೆ ಹೊಂದಲಾರದೆ ಬಿಸಿಯಾಗುತ್ತದೆ, ಅದಕ್ಕಿರುವುದು ಒಂದೇ ಆಂಪಿಯರಿನ ತಾಕತ್ತು. ವೇಗದ 1ಎನ್5822 ಹಾಕಿ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತದೆ.

ಪ್ರಿಂಟರ್ ಟೋನರಿಗೆ ಅಡುಗೆ ಎಣ್ಣೆ ಬೆರೆಸಿ ಇದನ್ನೇ ಮಾಡಬಹುದು ಎನ್ನುವ ವಿಡಿಯೋ ನಂಬಿ ಬಾಟಲಿಗೆ ಹಾಕಬೇಡಿ. ಟೋನರ್ ಕಣ ನೂರಾರು ಪಟ್ಟು ದಪ್ಪ, ತಳಕ್ಕೆ ಕೂರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಿಡಿ ನಿಯೋಡಿಮಿಯಂ ಬಿಲ್ಲೆಗಳನ್ನು ಬೀಗದೊಳಗಿಡಿ. ಎರಡು ನುಂಗಿದರೆ ಕರುಳಿನ ಮಡಿಕೆಗಳನ್ನು ನಡುವೆ ಹಿಡಿದು ತೂತು ಮಾಡುತ್ತವೆ.

ನಾಲ್ಕು ಸ್ಟಾರ್. ಬರಿ ಹಾಡಿಗಾಗಿ ಕೊಳ್ಳುವವರು ಆ ದುಡ್ಡಿಗೆ ಒಳ್ಳೆ ಸ್ಪೀಕರ್ ಕೊಳ್ಳಿ. ಪೀಠವಿಲ್ಲದ ಬರಿ ಬಾಟಲಿ ಅರ್ಧ ಬೆಲೆಗೆ ಸಿಕ್ಕರೆ ಕಣ್ಣುಮುಚ್ಚಿ ತನ್ನಿ, ಕಾಯಂ ಆಯಸ್ಕಾಂತದ ಕಾಟವೂ ಇರುವುದಿಲ್ಲ. ನನ್ನದರಲ್ಲಿ ಈಗ ಉಳಿದಿರುವುದು ಕತ್ತಿನ ಹತ್ತಿರ ಅಕ್ಕಿಕಾಳಿನಷ್ಟು ಒಂದು ಕಲೆ, ಗಾಳಿಗೆ ಬಿಟ್ಟ ಆ ಮೂರು ಎಂಎಲ್ ಜಾಗದಲ್ಲಿ. ಗುಳ್ಳೆ ನಿಂತಲ್ಲಿ ಗಾಜು ಒಣಗುತ್ತದೆ. ಯಾರೋ ಬಾಟಲಿಯನ್ನು ಅಡ್ಡ ಮಲಗಿಸಿದಾಗ ದ್ರವ ಅಲ್ಲಿಗೆ ಮುಟ್ಟಿತ್ತು. ಧೂಳು ಒರೆಸುವಾಗಲೂ ನೆಟ್ಟಗೇ ಹಿಡಿಯಿರಿ.